ಉದಾಹರಣೆ ಸಹಿತ

ಆ ಊರಿನಲ್ಲಿ ಉದಾಹರಣೆಯಿಲ್ಲದೆ ಪಾಠ ನಡೆಯುತ್ತಿರಲಿಲ್ಲ. ಮೇಷ್ಟ್ರು ಪದ ಹೇಳಬೇಕು, ಅರ್ಥ ಹೇಳಬೇಕು, ಅದಾದ ಮೇಲೆ ಚೌಕದ ಚಪ್ಪಟೆ ಕಲ್ಲಿನ ಮೇಲೆ ಆ ಪದದ ಉದಾಹರಣೆ ಬಂದು ನಿಲ್ಲಬೇಕು. ನಿಂತವರು ಬಾಯಿಬಿಟ್ಟು ‘ನಾನು’ ಎನ್ನಬೇಕು. ಯಾರ ಬಾಯಿಂದ ‘ನಾನು’ ಬಂತೋ ಪದ ಅವರದು. ಆಗ ಮಾತ್ರ ಅದು ಮಕ್ಕಳ ತಲೆಗೆ ಹೋಯಿತೆಂದು ಲೆಕ್ಕ, ಆಗ ಮಾತ್ರ ಮುಂದಿನ ಪದ, ಕೊನೆಯ ಪದ ಮುಗಿಯುವ ತನಕ ಯಾರೂ ಚೌಕ ಬಿಟ್ಟು ಕದಲುವಂತಿಲ್ಲ. ಬೇರೆ ಊರುಗಳಲ್ಲಿ ಲೋಕದ ಚರಿತ್ರೆಯನ್ನು ಪುಸ್ತಕ ನೋಡಿ ಬಾಯಿಪಾಠ ಮಾಡುತ್ತಾರಂತೆ, ಗಿಣಿಗಳು, ಎಂದು ಆ ಊರಿನವರು ನಗುತ್ತಿದ್ದರು. ತಮ್ಮಲ್ಲಿ ಹಾಗಲ್ಲ. ಲೋಕದಲ್ಲಿ ಆಗಿಹೋದದ್ದೆಲ್ಲ ತಮ್ಮಲ್ಲಿ ಜೀವಂತವಾಗಿ ಓಡಾಡಿಕೊಂಡಿತ್ತು, ಹೊತ್ತುಹೊತ್ತಿಗೆ ಊಟ ಮಾಡುತ್ತಿತ್ತು. ಕ್ಷಾಮ ಒಂದನ್ನು ಬಿಟ್ಟು.

ಸಾಮ್ರಾಜ್ಯ ದೊಡ್ಡ ಬೀದಿಯ ಒಂದು ಮನೆತನದ್ದು. ಪಾಠದ ದಿನ ಆ ಮನೆಯ ಯಜಮಾನ ಜರಿಪೇಟ ಸುತ್ತಿಕೊಂಡು ಬಂದು, ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳುವ ಹಾಗೆ ‘ನಾನು’ ಎನ್ನುತ್ತಿದ್ದ. ವಸಾಹತು ಸಿಕ್ಕಿದ್ದ ಮನೆಯವರು ವರ್ಷವಿಡೀ ಪಕ್ಕದ ಮನೆಯ ನಡುಮನೆಯಲ್ಲಿ ಕೂತು, ಆ ಮನೆಯವರಿಗೆ ಕೈ ತೊಳೆಯುವುದು ಹೇಗೆಂದು ಕಲಿಸುತ್ತಿದ್ದರು. ಒಪ್ಪಂದಕ್ಕೆ, ಮಾತು ಬಿಟ್ಟ ಅಣ್ಣತಮ್ಮಂದಿರಿಬ್ಬರು. ತಮ್ಮ ಪದ ಮುಗಿಯುವ ತನಕ ಕೈ ಕೈ ಹಿಡಿದು ನಿಂತು, ಮುಗಿದ ಕೂಡಲೇ ಅಂಗೈ ಒರೆಸಿಕೊಳ್ಳುತ್ತಿದ್ದರು. ಕ್ರಾಂತಿ ಒಬ್ಬ ಸಾಧು ಮನುಷ್ಯ. ಕಲ್ಲಿನ ಮೇಲೆ ಒಂದು ಮಡಕೆಯನ್ನು ಬೋರಲು ಹಾಕಿ, ಮೆಲ್ಲಗೆ ‘ನಾನು’ ಎಂದು, ಮಡಕೆಯನ್ನು ಮತ್ತೆ ನೆಟ್ಟಗಿಟ್ಟು ಇಳಿದುಬಿಡುತ್ತಿದ್ದ. ಪ್ರಜಾಪ್ರಭುತ್ವಕ್ಕೆ ಯಾರೆಂದು ಊರವರು ಯಾವತ್ತೂ ಕೂತು ಆರಿಸಿದ್ದಿಲ್ಲ. ಸಾಮ್ರಾಜ್ಯದ ಯಜಮಾನನ ಅಳಿಯ ಅದನ್ನು ನೋಡಿಕೊಳ್ಳುತ್ತಿದ್ದ.

ಗಡೀಪಾರು ಮಾತ್ರ ಗೋಡೆಯ ಆಚೆ ಇತ್ತು.

ಊರಗೋಡೆಯ ಹೊರಮೈಗೆ ಒರಗಿಸಿ ಕಟ್ಟಿದ ಗುಡಿಸಲು ಅವಳದು. ಗೋಡೆ ತೆಗೆದರೆ ಗುಡಿಸಲು ಬೀಳಬೇಕು, ಹಾಗೆ. ಅವಳಿಗಿಂತ ಮುಂಚೆ ಅವಳ ಅವ್ವ ಗಡೀಪಾರಾಗಿದ್ದಳು, ಅವ್ವನಿಗಿಂತ ಮುಂಚೆ ಅವ್ವನ ಅವ್ವ. ಮೊದಲನೆಯವಳು ಮಾಡಿದ ತಪ್ಪೇನು ಎಂದು ಯಾರಿಗೂ ನೆನಪಿರಲಿಲ್ಲ. ಅದು ಪಾಠದಲ್ಲಿ ಬರುತ್ತಿರಲಿಲ್ಲ. ಗುಡಿಸಲಿನ ಎದುರಿಗೆ ಬಯಲು, ಬಯಲಿನ ನಡುವೆ ಒಂದು ದಾರಿ. ಆ ದಾರಿಯಲ್ಲಿ ಬಂದ ಒಬ್ಬ ಚಾಪೆ ಮಾರುವವನು ಒಂದು ಮಳೆಗಾಲ ಅವಳ ಸೂರಿನಡಿ ನಿಂತು, ಅದೇ ದಾರಿಯಲ್ಲಿ ಹೋಗಿದ್ದ. ಅವನು ಬಿಟ್ಟುಹೋದದ್ದು ಒಂದು ಚಾಪೆ, ಒಬ್ಬಳು ಮಗಳು.

ಅವಳು ಬಯಲಿನ ಕಡೆ ಮುಖ ಮಾಡಿ ಕೂತವಳಲ್ಲ. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಗೋಡೆಗೆ ಎದುರಾಗಿ ಕೂತು, ಕಲ್ಲಿಗೆ ಕಿವಿಯಿಟ್ಟು, ಒಳಗೆ ಯಾರ ಮನೆಯಲ್ಲಿ ಒಗ್ಗರಣೆ ಬಿತ್ತು, ಯಾರ ಸೊಸೆ ಪಾತ್ರೆ ಕುಕ್ಕಿದಳು ಎಂದು ಕೇಳಿಸಿಕೊಳ್ಳುತ್ತಿದ್ದಳು. ಊರು ಅವಳನ್ನು ದ್ವೇಷಿಸುತ್ತಿತ್ತು. ಅವಳೂ ಊರನ್ನು ದ್ವೇಷಿಸುತ್ತಿದ್ದಳು, ಇನ್ನೂ ಹೆಚ್ಚು ಗಮನವಿಟ್ಟು.

ದಿನಕ್ಕೊಮ್ಮೆ ಗೋಡೆಯ ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು. ಇಳಿಬಿಡುವವಳು ನಾಗರಿಕತೆಯ ಮನೆಯವಳು. ಆ ಪದ ಅವಳ ಗಂಡನ ಮನೆಯದು. ಹೊರಗಿನವಳಿಗೆ ಅನ್ನ ಹಾಕುವುದೂ ಅದರ ಜೊತೆಗೇ ಬಂದ ಕೆಲಸ.

“ಏಯ್, ತಗೊಳೇ,” ಎಂದು ಅವಳು ಮೇಲಿನಿಂದ ಕೂಗುತ್ತಿದ್ದಳು. “ಮೇಲಿನದು ಹಳಸಿದೆ, ಅಡಿಯದು ಸೀದಿದೆ. ನಡುವೆ ಎಲ್ಲೋ ನಿನ್ನ ಪಾಲು ಇರುತ್ತೆ, ಹುಡುಕ್ಕೊ.”

“ಅಡುಗೆ ಕಲಿಯೋದು ಯಾವ ಪದದಲ್ಲಿ ಬರುತ್ತೆ ಅಂತ ಮೇಷ್ಟ್ರನ್ನ ಕೇಳಿ ನೋಡು,” ಎಂದು ಇವಳು ಕೆಳಗಿನಿಂದ ಹೇಳುತ್ತಿದ್ದಳು.

ಖಾಲಿಯಾದ ಬುಟ್ಟಿಯೊಳಗೆ ಒಂದು ದಪ್ಪ ಕಲ್ಲು ಹಾಕಿ ಕಳಿಸುತ್ತಿದ್ದಳು. ಎಳೆಯುವ ಕೈಗೆ ಸ್ವಲ್ಪ ಗೊತ್ತಾಗಲಿ ಎಂದು. ಮೇಲಿನವಳು ಬೈದುಕೊಂಡೇ ಎಳೆಯುತ್ತಿದ್ದಳು, ಮರುದಿನ ಅದೇ ಕಲ್ಲನ್ನು ಅನ್ನದ ಜೊತೆ ಇಳಿಸುತ್ತಿದ್ದಳು. ಹೀಗೆ ವರ್ಷಗಟ್ಟಲೆ ಆ ಕಲ್ಲು ಗೋಡೆ ಹತ್ತಿತು, ಇಳಿಯಿತು.

ವರ್ಷಕ್ಕೊಮ್ಮೆ ಊರಬಾಗಿಲು ತೆರೆಯುತ್ತಿತ್ತು. ಪಾಠದ ದಿನ ಅವಳನ್ನು ಒಳಗೆ ಕರೆತಂದು ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. “ಗಡೀಪಾರು ಎಂದರೆ, ಊರಿಗೆ ಬೇಡವಾದವರನ್ನು ಊರು ಗಡಿಯಾಚೆ ಕಳಿಸುವುದು,” ಎಂದು ಮೇಷ್ಟ್ರು ಹೇಳುತ್ತಿದ್ದರು. “ಹೋದವರು ಹಿಂದಿರುಗುವಂತಿಲ್ಲ. ಉದಾಹರಣೆ?” “ನಾನು,” ಎನ್ನುತ್ತಿದ್ದಳು ಅವಳು. ಆಗ ಮಕ್ಕಳು ಮುಂಗೈ ಕೊಡವಿ, ಹೋಗು, ಹೋಗು, ಹೋಗು ಎನ್ನುತ್ತ ಅವಳ ಬೆನ್ನಿಗೆ ಬಾಗಿಲ ತನಕ ನಡೆಯುತ್ತಿದ್ದರು. ಹಿರಿಯರು ನೆಲಕ್ಕೆ ಉಗುಳುತ್ತಿದ್ದರು; ಕಿರಿಯರು ಹಿರಿಯರನ್ನು ನೋಡಿ ಉಗುಳುವುದನ್ನು ಕಲಿಯುತ್ತಿದ್ದರು. ಅವಳು ಆದಷ್ಟೂ ನಿಧಾನವಾಗಿ ನಡೆಯುತ್ತಿದ್ದಳು. ಯಾವ ಕಿಟಕಿಗೆ ಹೊಸ ಬಣ್ಣ ಬಂದಿದೆ, ಯಾವ ಮನೆಯ ಮಲ್ಲಿಗೆ ಬಳ್ಳಿ ಮಾಡಿಗೆ ಹಬ್ಬಿದೆ ಎಂದು ಕಣ್ಣಲ್ಲಿ ತುಂಬಿಕೊಂಡು ಹೊರಬೀಳುತ್ತಿದ್ದಳು. ಅವಳಷ್ಟು ಚೆಂದ ‘ನಾನು’ ಹೇಳುವವರು ಬೇರಿಲ್ಲ ಎಂದು ಮೇಷ್ಟ್ರು ಒಮ್ಮೆ ಹೇಳಿದ್ದರು. ಅದನ್ನು ಅವಳು ಮರೆತಿರಲಿಲ್ಲ.

ಮಗಳು ಬೇರೆ ಥರ. ಅವಳು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು.

“ಹೋದವರು ಹಿಂದಿರುಗುವಂತಿಲ್ಲ ಅಂತಾರೆ,” ಎಂದಳು ಮಗಳು ಒಂದು ದಿನ, ದಾರಿಯನ್ನೇ ನೋಡುತ್ತ. “ನೀನು ವರ್ಷಾವರ್ಷ ಹಿಂದಿರುಗ್ತೀಯಲ್ಲ ಅವ್ವ. ಹಿಂದಿರುಗೋದು ಹಾಗಿರಲಿ, ನೀನು ಹೋಗಿದ್ದಾದರೂ ಯಾವತ್ತು?”

“ಬಾಯಿ ಮುಚ್ಚಿಕೊಂಡು ಉಣ್ಣು.”

“ಆ ದಾರಿ ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೂ ಹೋಗಲ್ಲ. ಅಲ್ಲೇ ಇದೆಯಲ್ಲ, ಕಾಣಲ್ವ?”

ಮಗಳು ನಕ್ಕಳು. ಅವ್ವನಿಗೆ ಆ ನಗು ಹಿಡಿಸಲಿಲ್ಲ. ತಾನು ಸತ್ತ ಮರುವರ್ಷ ಇವಳು ಕಲ್ಲಿನ ಮೇಲೆ ನಿಲ್ಲಬೇಕು, ಇವಳ ಬೆನ್ನ ಹಿಂದೆ ಮುಂಗೈ ಕೊಡವುತ್ತಾರೆ, ಬುಟ್ಟಿ ಇವಳಿಗೆ ಇಳಿಯುತ್ತದೆ. ಗೋಡೆಗೆ ಕಿವಿಯಿಟ್ಟಾಗ ಈಗೀಗ ಅವಳಿಗೆ ಒಳಗಿನ ಸದ್ದುಗಳ ಬದಲು ಇದೊಂದೇ ಕೇಳುತ್ತಿತ್ತು.

ಆ ವರ್ಷದ ಪಾಠ ಹತ್ತಿರ ಬಂದಾಗ ಅವಳು ಬುಟ್ಟಿಯ ಹಗ್ಗ ಹಿಡಿದು ಜಗ್ಗಿ, ಮೇಷ್ಟ್ರು ಬರಬೇಕು ಎಂದು ಹಟ ಹಿಡಿದಳು. ಮೇಷ್ಟ್ರು ಮೆಟ್ಟಿಲು ಹತ್ತಿ ಗೋಡೆಯ ಮೇಲೆ ಬಂದು ಏದುಸಿರು ಬಿಡುತ್ತ ನಿಂತರು.

“ಮಗಳಿಗೆ ಬೇರೆ ಪದ ಕೊಡಿ ಮೇಷ್ಟ್ರೇ. ಒಳಗಿನದು. ಯಾವುದಾದರೂ ಸರಿ.”

“ಒಳಗೆ ಎಲ್ಲ ಭರ್ತಿ ಇದೆ ಕಣಮ್ಮ. ಪುನರುಜ್ಜೀವನ ಕೇಳ್ತೀಯೇನೋ, ಅದಕ್ಕೆ ವೈದ್ಯರ ಮನೆಯವರೇ ಕಿತ್ತಾಡ್ತಿದ್ದಾರೆ.”

“ಜೀತ ಆದರೂ ಆಗಲಿ.”

“ಜೀತದವನು ಗಟ್ಟಿಮುಟ್ಟಾಗಿದ್ದಾನೆ, ಇನ್ನೂ ಬಹಳ ವರ್ಷ ಬರ್ತಾನೆ.” ಮೇಷ್ಟ್ರು ಮೂಗು ಉಜ್ಜಿಕೊಂಡರು. “ಒತ್ತೆಯಾಳು ಒಂದು ಖಾಲಿ ಇದೆ. ನಿನ್ನ ಪದದ ಮುಂದಿನದೇ. ಇದ್ದ ಮುದುಕ ಹೋದ ತಿಂಗಳು ತೀರಿಕೊಂಡ. ಕಾಲಿಗೆ ಹಗ್ಗ ಇರುತ್ತೆ, ಕೋಣೆಗೆ ಕಿಟಕಿ ಇರಲ್ಲ, ಆದರೆ ಊಟ ಬಿಸಿಬಿಸಿ. ಒಳಗೇ ಇರ್ತಾಳೆ. ಯೋಚನೆ ಮಾಡು.”

ಅವಳು ಯೋಚನೆ ಮಾಡಲಿಲ್ಲ. ಒಳಗೇ ಇರುತ್ತಾಳೆ ಎಂಬುದು ಕಿವಿಗೆ ಬಿದ್ದ ಮೇಲೆ ಉಳಿದದ್ದು ಬೀಳಲಿಲ್ಲ. ಅವತ್ತಿನಿಂದ ಮಗಳಿಗೆ ‘ನಾನು’ ಹೇಳುವುದನ್ನು ಕಲಿಸಲು ಕೂತಳು. ಗದ್ದ ಎತ್ತು. ಎದೆಯಿಂದ ಬರಲಿ. ಬೇಗ ನುಂಗಬೇಡ. ಮಗಳು ಎಲ್ಲದಕ್ಕೂ ತುಟಿ ಅಲ್ಲಾಡಿಸಿದಳು, ದನಿ ಹೊರಡಿಸಲಿಲ್ಲ.

“ಅವರ ಕಾಲಿಗೆ ಬಿದ್ದು ನನ್ನ ಕಾಲಿಗೆ ಹಗ್ಗ ತಂದಿದ್ದೀಯ,” ಎಂದಳು.

“ಬಿಸಿ ಊಟ ತಂದಿದ್ದೀನಿ.”

“ಅದೂ ಆಯಮ್ಮನ ಅಡುಗೆಯೇ ತಾನೆ,” ಎಂದು ಮಗಳು ಚಾಪೆ ಬಿಡಿಸಿಕೊಂಡು, ಬಯಲಿನ ಕಡೆ ತಿರುಗಿ ಮಲಗಿದಳು.

ಪಾಠದ ದಿನ ಬಂತು. ಬಾಗಿಲು ತೆರೆಯಿತು. ಅವ್ವ ಮಗಳು ಇಬ್ಬರನ್ನೂ ಒಳಗೆ ಬಿಟ್ಟುಕೊಂಡರು. ಊರಿಗೆ ಊರೇ ಚೌಕದಲ್ಲಿ ನೆರೆದಿತ್ತು.

ಮೊದಲ ಪದ ಯಾವತ್ತೂ ನಾಗರಿಕತೆ. ಆ ಮನೆಯವಳು ಹಸಿರು ರೇಷ್ಮೆ ಸೀರೆಯಲ್ಲಿ ಬಂದು, ಕಲ್ಲಿನ ಮೇಲಿನ ಧೂಳನ್ನು ಸೆರಗಿಗೆ ತಾಗದಂತೆ ಕಾಲಲ್ಲಿ ಸರಿಸಿ, “ನಾನು,” ಎಂದಳು. ಆಮೇಲೆ ಸಾಮ್ರಾಜ್ಯ ಬಂತು, ವಸಾಹತು ಬಂತು. ಕ್ಷಾಮ ಇಬ್ಬರ ಹೆಗಲು ಹಿಡಿದುಕೊಂಡು ಬಂದು, ಏನೋ ಗೊಣಗಿತು; ಅದನ್ನೇ ‘ನಾನು’ ಎಂದು ಒಪ್ಪಿಕೊಂಡರು. ಆಮೇಲೆ ಗಡೀಪಾರು.

ಅವಳು ಕಲ್ಲು ಹತ್ತಿದಳು. ಮೇಷ್ಟ್ರು ಅರ್ಥ ಹೇಳಿದರು. ಮಕ್ಕಳು ಮುಂಗೈ ಸಿದ್ಧಮಾಡಿಕೊಂಡರು. ಹೊರಹಾಕುವುದಕ್ಕೆಂದು ಬಾಗಿಲನ್ನು ಪೂರ್ತಿ ತೆರೆದಿಟ್ಟಿದ್ದರು.

“ಉದಾಹರಣೆ?”

ಕಲ್ಲಿನ ಮೇಲಿನಿಂದ ಅವಳಿಗೆ ಸರತಿ ಕಾಣುತ್ತಿತ್ತು. ಮುಂದಿನವಳು ತನ್ನ ಮಗಳು. ಜೀತದವನು ಅವಳ ಕಾಲಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಹೊಸ ಹಗ್ಗವನ್ನು ಕಾಲಿನ ಹರಡಿಗೆ ಸುತ್ತಿ, ಬಿಚ್ಚಿ, ಅಳತೆ ನೋಡುತ್ತಿದ್ದ. ಮಗಳು ಕಾಲನ್ನು ಅವನಿಗೆ ಬಿಟ್ಟುಕೊಟ್ಟಿದ್ದಳು. ಊರಿನ ಒಂದು ಕಿಟಕಿಯನ್ನೂ ಅವಳು ನೋಡಲಿಲ್ಲ, ಮಲ್ಲಿಗೆ ಬಳ್ಳಿಯನ್ನು ನೋಡಲಿಲ್ಲ. ತೆರೆದ ಬಾಗಿಲಿನ ಆಚೆ ದಾರಿ ಬೆಳ್ಳಗೆ ಬಿದ್ದುಕೊಂಡಿತ್ತು, ಅದನ್ನೇ ನೋಡುತ್ತಿದ್ದಳು.

ಅವ್ವನ ಬಾಯಿ ತೆರೆಯಲಿಲ್ಲ.

ಅವಳು ಬೇಕೆಂದು ಮಾಡಿದ್ದಲ್ಲ. ‘ನಾನು’ ನಾಲಿಗೆಯ ತುದಿಗೆ ಬಂದಿತ್ತು, ವರ್ಷಾವರ್ಷ ಬರುವ ಹಾಗೆ. ಆದರೆ ತಾನು ಅದನ್ನು ಹೇಳಿದ ಮರುಗಳಿಗೆ ಮುಂದಿನ ಪದ ಬರುತ್ತದೆ, ಮುಂದಿನ ಪದ ಬಂದ ಮರುಗಳಿಗೆ ಆ ಹಗ್ಗ ಗಂಟಾಗುತ್ತದೆ. ಹೇಳದಿದ್ದರೆ ಬರುವುದಿಲ್ಲ. ಇಷ್ಟು ಸರಳವಾದದ್ದು ಇಷ್ಟು ದಿನ ತನಗೆ ಹೊಳೆದಿರಲಿಲ್ಲವಲ್ಲ ಎಂದು ಅವಳು ಹಲ್ಲು ಕಚ್ಚಿ ನಿಂತಳು.

“ಉದಾಹರಣೆ?” ಎಂದರು ಮೇಷ್ಟ್ರು ಮತ್ತೆ. “ಹೇಳಮ್ಮ. ಒಂದು ಮಾತು. ನಿಮ್ಮವ್ವ ಹೇಳಿದಳು, ಅವಳವ್ವ ಹೇಳಿದಳು.”

ಅವಳು ಮಗಳ ಕಾಲಿನ ಹಗ್ಗವನ್ನೇ ನೋಡುತ್ತಿದ್ದಳು.

“ಅಹಂಕಾರ ನೋಡಿ,” ಎಂದಿತು ಸಾಮ್ರಾಜ್ಯ. “ತಂದು ಹಾಕಿದ್ದು ತಿಂದು ಕೊಬ್ಬಿದ್ದಾಳೆ,” ಎಂದರು ಹಿಂದಿನ ಸಾಲಿನವರು. ಕೆಲವರು ಕಲ್ಲು ಎತ್ತಿಕೊಂಡರು. ಉದಾಹರಣೆಯನ್ನೇ ಮುಗಿಸಿಬಿಟ್ಟರೆ ‘ನಾನು’ ಹೇಳುವವರು ಯಾರು ಎಂದು ಹೊಳೆದು ಮತ್ತೆ ಕೆಳಗಿಟ್ಟರು. ಯಾರೋ ಅವಳ ಸೀರೆಗೆ ಸಗಣಿ ಎಸೆದರು. ಯಾರೋ ಅವಳ ಅವ್ವನ ಹೆಸರೆತ್ತಿ ಬೈದರು, ಆ ಹೆಸರು ಅವಳಿಗೇ ಗೊತ್ತಿರಲಿಲ್ಲ, ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಹೊತ್ತು ನೆತ್ತಿಗೆ ಬಂತು. ಸಾಮ್ರಾಜ್ಯದ ಪೇಟದ ಬಣ್ಣ ಬೆವರಿಗೆ ಕರಗಿ ಹಣೆಯ ಮೇಲೆ ಕೆಂಪಗೆ ಇಳಿಯಿತು. ಕೊಟ್ಟಿಗೆಗಳಲ್ಲಿ ಹಾಲು ಕರೆಯದ ಹಸುಗಳು ಅರಚತೊಡಗಿದವು. ಸರತಿಯಲ್ಲಿ ಕೈ ಹಿಡಿದು ನಿಂತಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣ, “ಬಿಡೋ ಕೈಯ,” ಎಂದ. ತಮ್ಮ, “ನೀನು ಬಿಡು ಮೊದಲು,” ಎಂದ. ಎಷ್ಟೋ ವರ್ಷಗಳ ಮೇಲೆ ಅವರು ಆಡಿದ ಮಾತು ಅದು. ಕ್ರಾಂತಿ ಮಡಕೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಅದರ ನೆರಳಿನಲ್ಲಿ ಕೂತಿತ್ತು. ಚಿಕ್ಕ ಮಕ್ಕಳು ನಿಂತಲ್ಲೇ ಉಚ್ಚೆ ಹೊಯ್ದುಕೊಂಡರು. ಯಾರೂ ಚೌಕ ಬಿಟ್ಟು ಕದಲುವಂತಿರಲಿಲ್ಲ, ನಿಯಮ ಅವರದೇ.

“ಏನು ಬೇಕು ನಿನಗೆ?” ಎಂದು ಮೇಷ್ಟ್ರು ದನಿ ತಗ್ಗಿಸಿ ಕೇಳಿದರು.

ಅವಳು ಮಗಳ ಕಾಲಿನ ಕಡೆ ತೋರಿಸಿ, ಕೈಯಾಡಿಸಿದಳು. ಬೇಡ.

“ಆಯ್ತು, ಒತ್ತೆಯಾಳು ಬೇಡ. ಇನ್ನೇನು ಮಾಡಲಿ?”

ಅವಳು ಮತ್ತೆ ಕೈಯಾಡಿಸಿದಳು. ಏನೂ ಬೇಡ.

“ಯಾವ ಪದವೂ ಇಲ್ಲದೆ ಯಾರಾದರೂ ಇರೋದಕ್ಕೆ ಆಗುತ್ತೇನೇ?” ಮೇಷ್ಟ್ರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ಒಳಗಿದ್ದರೆ ಒಂದು ಪದ, ಹೊರಗಿದ್ದರೆ ಒಂದು ಪದ. ಇವೆರಡೂ ಅಲ್ಲದ ಜಾಗ ಎಲ್ಲಿದೆ?”

ಅಷ್ಟು ಹೊತ್ತಿಗೆ ಗಾಳಿಯಲ್ಲಿ ಸೀದ ವಾಸನೆ ಬಂತು. ಎಲ್ಲರಿಗಿಂತ ಮೊದಲು ಅದು ಬಡಿದದ್ದು ಹಸಿರು ಸೀರೆಯವಳ ಮೂಗಿಗೆ. ಬೆಳಿಗ್ಗೆ ಒಲೆಯ ಮೇಲೆ ಬೇಳೆ ಇಟ್ಟು, ಸಣ್ಣ ಉರಿ ಮಾಡಿ, ಪಾಠ ಮುಗಿದ ಕೂಡಲೇ ಬಂದುಬಿಡೋಣ ಎಂದು ಬಂದಿದ್ದಳು ನಾಗರಿಕತೆ. ಅವಳು ಜನರನ್ನು ಮೊಣಕೈಯಲ್ಲಿ ತಳ್ಳುತ್ತ ಮುಂದೆ ಬಂದಳು.

“ಇವಳ ಬಾಯಿಗೆ ಕಾದು ನಾವೆಲ್ಲ ಇಲ್ಲಿ ಒಣಗಬೇಕೇನ್ರೀ? ಏನು, ಒಂದು ಮಾತು ತಾನೆ ಬೇಕಾಗಿರೋದು ನಿಮಗೆ?”

“ಒಂದೇ ಮಾತು,” ಎಂದರು ಮೇಷ್ಟ್ರು. ಹಣೆ ಒರೆಸಿಕೊಂಡು, ರೂಢಿಯ ರಾಗದಲ್ಲಿ ಇನ್ನೊಮ್ಮೆ ಎಂದರು, “ಉದಾಹರಣೆ?”

“ನಾನು,” ಎಂದಳು ಹಸಿರು ಸೀರೆಯವಳು. “ನಾನೇ, ಆಯ್ತಾ? ಮುಗಿಸಿ ಮುಂದಕ್ಕೆ ಹೋಗಿ. ಬೇಳೆ ತಳ ಹಿಡಿಯುತ್ತಿದೆ ಅಲ್ಲಿ.”

ಮಾತು ಚೌಕದ ಮೇಲೆ ಬಿದ್ದು ಅಲ್ಲೇ ನಿಂತಿತು. ಅವಳು ನಗುತ್ತ ಅಕ್ಕಪಕ್ಕ ನೋಡಿದಳು. ಊರಿನ ಕಷ್ಟ ಕಳೆದೆನಲ್ಲ, ಒಬ್ಬರಾದರೂ ಮೆಚ್ಚಲಿ ಎಂಬ ನಗು. ಪಕ್ಕದವರು ಅವಳಿಂದ ಸರಿದು ನಿಂತರು.

“ಬಾಯಿಮಾತಿಗೆ ಅಂದದ್ದು,” ಎಂದಳು. “ಮೇಷ್ಟ್ರೇ. ಏಯ್, ಏನಿದು, ಯಾಕೆ ಹಾಗೆ ನೋಡ್ತೀರಾ? ನನ್ನ ಪದ ಬೆಳಿಗ್ಗೆಯೇ ಆಯ್ತಲ್ಲ.”

ಮೇಷ್ಟ್ರು ಅವಳನ್ನು ನೋಡಲಿಲ್ಲ. ಮಕ್ಕಳ ಕಡೆ ತಿರುಗಿ ತಲೆಯಾಡಿಸಿದರು. ಬೆಳಿಗ್ಗೆಯಿಂದ ಎತ್ತಿ ಹಿಡಿದು ಸೋತಿದ್ದ ಪುಟ್ಟ ಕೈಗಳು ಒಟ್ಟಿಗೆ ಕೊಡವಿಕೊಂಡವು. ಹೋಗು, ಹೋಗು, ಹೋಗು. ಅವಳ ಸ್ವಂತ ಮಗ ಮುಂದಿನ ಸಾಲಿನಲ್ಲಿದ್ದ. ಪಾಠದಲ್ಲಿ ಜಾಣ, ರಾಗ ತಪ್ಪಲಿಲ್ಲ. ಅವಳ ಗಂಡ ನೆಲಕ್ಕೆ ಉಗುಳಿದ, ಯಾಕೆಂದರೆ ಉಗುಳುವ ಹೊತ್ತು ಅದು. ಹಸಿರು ಸೀರೆ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಬಾಗಿಲ ತನಕ ಹೋಯಿತು, ಬಾಗಿಲು ದಾಟಿತು.

ಕಲ್ಲಿನ ಮೇಲೆ ನಿಂತಿದ್ದವಳು ಎಲ್ಲವನ್ನೂ ನೋಡಿದಳು. ಎಷ್ಟೋ ವರ್ಷ ಆ ಹೆಂಗಸಿಗೆ ಇದೇ ಆಗಲಿ ಎಂದು ಗೋಡೆಗೆ ಬಾಯಿಟ್ಟು ಬಯಸಿದ್ದಳು. ಈಗ ತನ್ನ ಬಲಗೈ ತಾನಾಗಿಯೇ ಮೇಲೆದ್ದು, ಮುಂಗೈ ಕೊಡವುತ್ತಿರುವುದನ್ನು ಕಂಡಳು. ಎಡಗೈಯಿಂದ ಅದನ್ನು ಹಿಡಿದು ಕೆಳಗಿಳಿಸಬೇಕಾಯಿತು.

ಅಷ್ಟರಲ್ಲಿ, ಕೂಗುತ್ತ ಸಾಗಿದ ಮಕ್ಕಳ ಗುಂಪಿನ ಬಾಲದಲ್ಲಿ, ಅಳತೆಗೆ ಸುತ್ತಿದ್ದ ಹಗ್ಗವನ್ನು ಕಾಲಿಂದ ಒದರಿಕೊಂಡು, ಮಗಳೂ ನಡೆದಳು. ಯಾರೂ ತಡೆಯಲಿಲ್ಲ. ಜೀತದವನು ನೋಡಿದ, ಖಾಲಿ ಹಗ್ಗವನ್ನು ಸುತ್ತಿಟ್ಟುಕೊಂಡ. ಬಾಗಿಲ ಹತ್ತಿರ ಮಕ್ಕಳು ನಿಂತರು, ಅವಳು ನಿಲ್ಲಲಿಲ್ಲ. ಹೊಸ್ತಿಲ ಮೇಲೆ ಒಮ್ಮೆ ತಿರುಗಿ ಅವ್ವನ ಕಡೆ ಗದ್ದವೆತ್ತಿ ನೋಡಿದಳು. ಬಾ ಎಂದೋ, ಬರ್ತೀನಿ ಎಂದೋ. ಅವ್ವ ಕಲ್ಲಿನಿಂದ ಇಳಿಯಲು ಕಾಲು ಮುಂದಿಟ್ಟಳು. ಆ ಕಾಲಿಗೆ ಗೊತ್ತಿದ್ದದ್ದು ಕಲ್ಲಿನಿಂದ ಗುಡಿಸಲಿನಷ್ಟು ದಾರಿ ಮಾತ್ರ. ಅದು ಯೋಚಿಸುತ್ತ ನಿಂತಿತು. ಬಾಗಿಲು ಮುಚ್ಚಿತು.

“ಒತ್ತೆಯಾಳು,” ಎಂದರು ಮೇಷ್ಟ್ರು. “ಒತ್ತೆಯಾಳು ಎಂದರೆ, ಇನ್ನೊಬ್ಬರು ಬಾಲ ಮುದುರಿಕೊಂಡಿರಲಿ ಎಂದು ನಾವು ಹಿಡಿದಿಟ್ಟುಕೊಂಡವರು. ಉದಾಹರಣೆ?”

ಅವ್ವ ಇಳಿದು ಪಕ್ಕಕ್ಕೆ ಸರಿದಿದ್ದಳು, ಕಲ್ಲು ಖಾಲಿ. ಊರಿಗೆ ಊರೇ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿತ್ತು. ತಾಯಂದಿರು ಒಂದು ಕೈ ತಮ್ಮ ಬಾಯಿಗೆ, ಒಂದು ಕೈ ಮಗುವಿನ ಬಾಯಿಗೆ ಒತ್ತಿದ್ದರು. ಸಾಮ್ರಾಜ್ಯ ಪೇಟದ ಸೆರಗನ್ನು ಕಚ್ಚಿಕೊಂಡಿತ್ತು. ಮೇಷ್ಟ್ರು ಆ ಬಾಯಿಲ್ಲದ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದರು.

“ಇದನ್ನು ಮುಂದಿನ ವರ್ಷ ನೋಡೋಣ,” ಎಂದರು.

ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಅದನ್ನು ಅವರು ಬೆಳಿಗ್ಗೆಯೇ ಹೇಳಬಹುದಾಗಿತ್ತು. ಎಷ್ಟೋ ತಲೆಮಾರಿನ ಹಿಂದೆಯೇ ಯಾರಾದರೂ ಹೇಳಬಹುದಾಗಿತ್ತು. ಉಳಿದ ಪದಗಳನ್ನು ಅವಸರದಲ್ಲಿ ಮುಗಿಸಿ, ಯಾರೂ ಯಾರನ್ನೂ ನೋಡದೆ ಮನೆಗೆ ಹೋದರು.

ಅವಳೊಬ್ಬಳು ಚೌಕದಲ್ಲಿ ಉಳಿದಳು. ಮೇಷ್ಟ್ರು ಕೊಡೆ ಮಡಿಸುತ್ತ ಹತ್ತಿರ ಬಂದರು.

“ನಾಗರಿಕತೆ ಖಾಲಿ ಇದೆ,” ಎಂದರು. “ಹಿತ್ತಲ ಕೋಣೆ ಬಿಟ್ಟುಕೊಡ್ತೀನಿ ಅಂದಿದ್ದಾನೆ ಅವಳ ಗಂಡ. ಅಡುಗೆ ಒಂದು ಆಗಬೇಕಲ್ಲ. ಬುಟ್ಟಿ ಇಳಿಸೋದೂ ಅದರಲ್ಲೇ ಬರುತ್ತೆ.”

“ನನ್ನ ಮಗಳು ಈಗ ಏನು ಮೇಷ್ಟ್ರೇ?”

ಅವರು ಬಹಳ ಹೊತ್ತು ನಿಂತು ಯೋಚಿಸಿದರು, ಪಾಪ, ಪದಗಳಲ್ಲೇ ಕೂದಲು ನರೆತವರು. “ಗೊತ್ತಿಲ್ಲ ಕಣಮ್ಮ,” ಎಂದರು.

ಅವಳಿಗೆ ಅಷ್ಟು ಸಾಕಾಗಿತ್ತು. ಸಾಕಾಗಲಿಲ್ಲ ಕೂಡ.

ಸಂಜೆ ಅವಳು ಆ ಮನೆಯ ಒಲೆಯ ಮುಂದೆ ಕೂತು ಬೇಳೆಯ ತಳ ಕೆರೆದಳು. ಗೋಡೆಯ ಆಚೆಯಿಂದ ಕಿವಿಯಿಟ್ಟು ಕೇಳುತ್ತಿದ್ದಾಗ ಈ ಅಡುಗೆಮನೆ ಎಷ್ಟು ದೊಡ್ಡದಿತ್ತು. ಮಾಡಿಗೆ ಮಸಿ, ಮೂಲೆಯಲ್ಲಿ ಜಿರಲೆ, ಕಿಟಕಿಯಲ್ಲಿ ಆ ಮಲ್ಲಿಗೆ ಬಳ್ಳಿ. ಹೂವಿಗಿಂತ ಇರುವೆಯೇ ಹೆಚ್ಚು. ಸೀದದ್ದನ್ನು ಬುಟ್ಟಿಗೆ ಹಾಕಿಕೊಂಡು ಗೋಡೆಯ ಮೆಟ್ಟಿಲು ಹತ್ತಿದಳು. ಅಷ್ಟು ಮೇಲಿನಿಂದ ಬಯಲನ್ನು ಅವಳು ಯಾವತ್ತೂ ನೋಡಿರಲಿಲ್ಲ. ದಾರಿ ಎಲ್ಲಿಗೂ ಹೋಗುವುದಿಲ್ಲ ಎಂದಿದ್ದಳಲ್ಲ, ಅದು ಹೋಗುತ್ತಲೇ ಇತ್ತು, ಹೋಗಿ ಹೋಗಿ ಬೆಳಕಿನಲ್ಲಿ ಕರಗುವ ಕಡೆ ಒಂದು ಚುಕ್ಕೆ ಇತ್ತು. ಚುಕ್ಕೆಯ ಕಂಕುಳಲ್ಲಿ ಸುರುಳಿ ಸುತ್ತಿದ ಚಾಪೆಯ ಹಾಗೆ ಏನೋ ಒಂದು.

ಬುಟ್ಟಿ ಇಳಿಸಿದಳು. ಕೆಳಗೆ ಗುಡಿಸಲಿನ ಬಾಗಿಲಲ್ಲಿ ಹಸಿರು ಸೀರೆ ಗೋಡೆಗೆ ಎದುರಾಗಿ ಕೂತಿತ್ತು, ಕಿವಿ ಕಲ್ಲಿಗಿಟ್ಟುಕೊಂಡು.

ಕೆಳಗಿನಿಂದ ದನಿ ಬಂತು. “ಬೇಳೆ ಸೀದುಹೋಗಿದೆ.”

“ಒಲೆ ಮೇಲೆ ಇಟ್ಟು ಬಂದವಳು ನೀನು.”

“ನನ್ನ ಮಗ ಉಂಡನಾ?”

“ಉಂಡ.”

ಕೆಳಗಿನವಳು ಮತ್ತೆ ಕಿವಿಯನ್ನು ಕಲ್ಲಿಗೊತ್ತಿದಳು. ಅದನ್ನು ಮೇಲಿನಿಂದ ನೋಡಲು ಇವಳಿಗೆ ಆಗಲಿಲ್ಲ.

“ಗೋಡೆ ಕಡೆ ಮುಖ ಮಾಡಿ ಕೂರಬೇಡ ಕಣೇ,” ಎಂದಳು. “ಆ ಕಡೆ ತಿರುಗು. ಇಲ್ಲೇನೂ ಇಲ್ಲ. ಈಗ ತಾನೇ ನೋಡಿ ಬಂದೆ.”

“ನಿನ್ನ ನಾಲಿಗೆ ಸೇದಿಹೋಗ,” ಎಂದಳು ಕೆಳಗಿನವಳು. “ನನ್ನ ಮನೆಯಲ್ಲಿ ಕೂತು ನನಗೆ ಬುದ್ಧಿ ಹೇಳ್ತೀಯ?”

ಇವಳು ಚುಕ್ಕೆ ಕಾಣದಾಗುವ ತನಕ ನಿಂತು ನೋಡಿ, ಹಗ್ಗ ಎಳೆಯತೊಡಗಿದಳು. ಬುಟ್ಟಿ ಭಾರವಾಗಿ ಮೇಲೆ ಬಂತು.